ಬಿಡಿಸಿ ಜೋಡಿಸುವ ಹಸುವಿನ ಮಾದರಿ: ಅಂಗರಚನೆಯ ಪರಿಭಾಷೆಗೆ ಒಳ್ಳೆಯ ಸಾಧನ, ಶರೀರಕ್ರಿಯೆಗೆ ಸಾಲದು

ಪಶುವೈದ್ಯಕೀಯ ಮತ್ತು ಪಶುಸಂಗೋಪನೆಯ ಮೊದಲ ವರ್ಷದ ವಿದ್ಯಾರ್ಥಿಗಳಿಗೆಂದು ತಯಾರಾದ, ಭಾಗಗಳನ್ನು ಬಿಡಿಸಿ ಮತ್ತೆ ಜೋಡಿಸಬಹುದಾದ ಹಸುವಿನ ಮಾದರಿಯೊಂದನ್ನು ನಾನು ಕೆಲವು ತಿಂಗಳುಗಳಿಂದ ಪಾಠದ ಕೊಠಡಿಯಲ್ಲಿ ಬಳಸುತ್ತಿದ್ದೇನೆ. ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಮಾಡಿದ, ಮೇಜಿನ ಮೇಲೆ ನಿಲ್ಲಿಸಬಹುದಾದ ಗಾತ್ರದ ಈ ಮಾದರಿಯ ಜೊತೆಗೆ ಪರಿಭಾಷೆಯ ಕೈಪಿಡಿಯೊಂದು ಮತ್ತು ಶರೀರಕ್ರಿಯೆಗೆ ಸಂಬಂಧಿಸಿದ ಕಾರ್ಡುಗಳ ಕಟ್ಟೊಂದು ಬರುತ್ತವೆ. ಮೂರನ್ನೂ ಒಟ್ಟಿಗೇ ಕೊಳ್ಳಬೇಕು, ಆದರೆ ಮೂರರ ಗುಣಮಟ್ಟ ಒಂದೇ ಸಮನಾಗಿಲ್ಲ. ಮಾದರಿ ಬಹಳ ಚೆನ್ನಾಗಿದೆ. ಕೈಪಿಡಿಯನ್ನು ಕೆಲವು ಕಡೆ ತಿದ್ದಿಕೊಂಡು ಓದಬೇಕು. ಕಾರ್ಡುಗಳನ್ನು ನಂಬಿ ಶರೀರಕ್ರಿಯಾಶಾಸ್ತ್ರ ಕಲಿಯಲು ಹೊರಟವರಿಗೆ ನಿರಾಶೆಯಾಗುತ್ತದೆ.

ಮೊದಲು ಮಾದರಿಯ ಬಗ್ಗೆ. ಎಡಗಡೆಯ ಚರ್ಮದ ಹಲಗೆಯನ್ನು ತೆಗೆದರೆ ಸ್ನಾಯುಗಳ ಪದರ, ಅದನ್ನು ತೆಗೆದರೆ ಎದೆಗೂಡಿನ ಪಕ್ಕೆಲುಬುಗಳು, ಅವುಗಳ ಹಿಂದೆ ಶ್ವಾಸಕೋಶ, ಹೃದಯ, ವಪೆ (ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ಸ್ನಾಯುಪದರ), ಜಠರದ ಭಾಗಗಳು, ಕರುಳು, ಮೂತ್ರಪಿಂಡಗಳು, ಗರ್ಭಕೋಶ ಹೀಗೆ ಒಂದೊಂದಾಗಿ ಕೈಗೆ ಬರುತ್ತವೆ. ಪ್ರತಿ ಭಾಗದ ಮೇಲೂ ಅಂಕೆ ಇದೆ, ಅಂಕೆಗೆ ತಕ್ಕ ಹೆಸರು ಕೈಪಿಡಿಯಲ್ಲಿದೆ. ಇಂತಹ ವಸ್ತುಗಳನ್ನು ಹೆಚ್ಚಿನವರು ಅಂಗಗಳ ಹೆಸರು ಗುರುತಿಸುವುದಕ್ಕಷ್ಟೇ ಬಳಸುತ್ತಾರೆ. ಅಷ್ಟಕ್ಕೇ ಆದರೆ ಗೋಡೆಗೆ ತೂಗುಹಾಕುವ ಒಂದು ಒಳ್ಳೆಯ ಚಿತ್ರಪಟ ಸಾಕಾಗುತ್ತಿತ್ತು. ಈ ಮಾದರಿಯ ನಿಜವಾದ ಉಪಯೋಗ ದಿಕ್ಕುಸೂಚಕ ಪದಗಳನ್ನು ಕಲಿಸುವುದರಲ್ಲಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಕ್ರೇನಿಯಲ್ ಎಂದರೆ ತಲೆಯ ಕಡೆಗೆ, ಕಾಡಲ್ ಎಂದರೆ ಬಾಲದ ಕಡೆಗೆ, ಡಾರ್ಸಲ್ ಎಂದರೆ ಬೆನ್ನಿನ ಕಡೆಗೆ, ವೆಂಟ್ರಲ್ ಎಂದರೆ ಹೊಟ್ಟೆಯ ಕಡೆಗೆ, ಮೀಡಿಯಲ್ ಎಂದರೆ ದೇಹದ ನಡುರೇಖೆಯ ಕಡೆಗೆ, ಲ್ಯಾಟರಲ್ ಎಂದರೆ ಪಕ್ಕದ ಕಡೆಗೆ ಎಂದು ಯಾವ ವಿದ್ಯಾರ್ಥಿಯೂ ಒಂದೇ ಸಂಜೆಯಲ್ಲಿ ಬಾಯಿಪಾಠ ಮಾಡಬಲ್ಲ. ಆದರೆ ಮಾದರಿಯನ್ನು ಮೇಜಿನ ಮೇಲೆ ಬೆನ್ನಡಿಯಾಗಿ ಮಲಗಿಸಿ, ಕೆಚ್ಚಲು ಯಾವ ಕಡೆಗಿದೆ ಎಂದು ಕೇಳಿ ನೋಡಿ. ಹತ್ತರಲ್ಲಿ ಅರ್ಧದಷ್ಟು ಜನ ಡಾರ್ಸಲ್ ಎನ್ನುತ್ತಾರೆ, ಏಕೆಂದರೆ ಆಗ ಕೆಚ್ಚಲು ಮೇಲೆ ಕಾಣುತ್ತಿರುತ್ತದೆ. ಪ್ರಾಣಿ ಹೇಗೆ ಮಲಗಿದರೂ, ಮಗುಚಿದರೂ ವೆಂಟ್ರಲ್ ವೆಂಟ್ರಲ್ಲಾಗಿಯೇ ಉಳಿಯುತ್ತದೆ. ಈ ಪದಗಳು ಇರುವುದೇ ಮೇಲೆ, ಕೆಳಗೆ, ಮುಂದೆ, ಹಿಂದೆ ಎಂಬ ನಿತ್ಯದ ಮಾತುಗಳು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಗೊಂದಲ ಹುಟ್ಟಿಸುತ್ತವೆ ಎಂಬ ಕಾರಣಕ್ಕೆ. ಕಾಗದದ ಚಿತ್ರದಲ್ಲಿ ಹಸು ಸದಾ ಎಡಕ್ಕೆ ಮುಖ ಮಾಡಿ ನಿಂತೇ ಇರುತ್ತದೆ, ಹಾಗಾಗಿ ಚಿತ್ರದಿಂದ ಕಲಿತವರಿಗೆ ಈ ವ್ಯತ್ಯಾಸ ಎಂದೂ ಎದುರಾಗುವುದಿಲ್ಲ. ಕೈಯಲ್ಲಿ ಹಿಡಿದು ತಿರುಗಿಸಬಹುದಾದ ವಸ್ತುವಿನಲ್ಲಿ ಅದು ಮೊದಲ ದಿನವೇ ಎದುರಾಗುತ್ತದೆ, ಮತ್ತು ಮೊದಲ ದಿನವೇ ಬಗೆಹರಿಯುತ್ತದೆ.

ಕಾಲುಗಳ ವಿಷಯದಲ್ಲಿ ತಯಾರಕರು ತೋರಿಸಿರುವ ಶ್ರದ್ಧೆಯನ್ನು ಮೆಚ್ಚಲೇಬೇಕು. ಮುಂಗಾಲು ಮತ್ತು ಹಿಂಗಾಲು ಎರಡನ್ನೂ ಕೀಲುಗಳಲ್ಲಿ ಬಿಡಿಸಬಹುದು, ಆದ್ದರಿಂದ ಪ್ರಾಕ್ಸಿಮಲ್ ಮತ್ತು ಡಿಸ್ಟಲ್, ಅಂದರೆ ಮುಂಡಕ್ಕೆ ಹತ್ತಿರದ ಮತ್ತು ದೂರದ ತುದಿ, ಯಾವುದೆಂದು ಮೂಳೆಯನ್ನೇ ಹಿಡಿದು ತೋರಿಸಲು ಸಾಧ್ಯವಾಗುತ್ತದೆ. ಹಸುವಿನ ಮುಂಗಾಲಿನಲ್ಲಿ ಜನ ಮೊಣಕಾಲು ಎಂದು ಕರೆಯುವ ಜಾಗ ವಾಸ್ತವವಾಗಿ ಮಣಿಕಟ್ಟು, ಅಂದರೆ ಕಾರ್ಪಸ್. ಹಿಂಗಾಲಿನಲ್ಲಿ ಹಿಂದಕ್ಕೆ ಬಾಗಿದ ಮೊಣಕಾಲಿನಂತೆ ಕಾಣುವ ಹಾಕ್ ಎಂಬ ಕೀಲು ನಮ್ಮ ಕಣಕಾಲಿಗೆ ಸಮನಾದ ಟಾರ್ಸಸ್. ನಿಜವಾದ ಮೊಣಕಾಲಾದ ಸ್ಟೈಫಲ್ ಹೊಟ್ಟೆಗೆ ಅಂಟಿಕೊಂಡಂತೆ ಮೇಲೆ ಇದೆ. ಈ ಮಾದರಿಯಲ್ಲಿ ತೊಡೆಯ ಮೂಳೆಯನ್ನು ಸೊಂಟದ ಕೀಲಿನಿಂದ ಹಿಡಿದು ಕೆಳಗೆ ಬೆರಳಾಡಿಸುತ್ತಾ ಹೋದರೆ ಮೊದಲು ಸಿಗುವ ಕೀಲು ಯಾವುದು, ಎರಡನೆಯದು ಯಾವುದು ಎಂಬುದು ವಿವರಣೆಯ ಹಂಗಿಲ್ಲದೆ ತಿಳಿಯುತ್ತದೆ. ಕಾರ್ಪಸ್‌ನಿಂದ ಕೆಳಗೆ ಕ್ರೇನಿಯಲ್ ಮತ್ತು ಕಾಡಲ್ ಎಂಬ ಪದಗಳನ್ನು ಬಿಟ್ಟು ಡಾರ್ಸಲ್ (ಇಲ್ಲಿ ಕಾಲಿನ ಮುಂಭಾಗ) ಮತ್ತು ಪಾಮರ್ (ಹಿಂಭಾಗ) ಎನ್ನಬೇಕು, ಹಿಂಗಾಲಿನಲ್ಲಿ ಟಾರ್ಸಸ್‌ನಿಂದ ಕೆಳಗೆ ಡಾರ್ಸಲ್ ಮತ್ತು ಪ್ಲಾಂಟರ್ (ಹಿಂಭಾಗ) ಎನ್ನಬೇಕು. ವಿದ್ಯಾರ್ಥಿಗಳಿಗೆ ವಿಚಿತ್ರವೆನಿಸುವ ಈ ನಿಯಮವನ್ನು ತೋರಿಸಲು ಮೂಳೆಯ ಬಣ್ಣವನ್ನೇ ಆ ಕೀಲಿನ ಕೆಳಗೆ ಸ್ವಲ್ಪ ಬದಲಿಸಿದ್ದಾರೆ. ಅದರ ಕೆಳಗಿನ ಉದ್ದ ಮೂಳೆಯ ಮುಂಭಾಗದಲ್ಲಿ ಮೇಲಿನಿಂದ ಕೆಳಗೆ ಹರಿಯುವ ತೆಳ್ಳನೆಯ ಗೀರನ್ನೂ ಬಿಟ್ಟಿಲ್ಲ. ಮೂರನೆಯ ಮತ್ತು ನಾಲ್ಕನೆಯ ಬೆರಳುಗಳ ಮೂಳೆಗಳು ಬೆಸೆದುಕೊಂಡು ಒಂದಾದ ಗುರುತು ಅದು. ಗೊರಸು ಎರಡಾಗಿ ಸೀಳಿರುವುದೇಕೆ ಎಂಬುದನ್ನು ಆ ಗೀರಿನಿಂದಲೇ ಆರಂಭಿಸಿ ವಿವರಿಸಬಹುದು.

ಭುಜದ ಭಾಗದಲ್ಲಿ ಇನ್ನೊಂದು ಒಳ್ಳೆಯ ಸಂಗತಿಯಿದೆ. ಹಸುವಿಗೆ ಕೊರಳೆಲುಬು ಇಲ್ಲ. ಮುಂಗಾಲು ಮುಂಡಕ್ಕೆ ಸೇರುವುದು ಮೂಳೆಯ ಕೀಲಿನಿಂದಾಗಿರದೆ ಸ್ನಾಯುಗಳಿಂದ. ಅಗ್ಗದ ಮಾದರಿಗಳಲ್ಲಿ ಭುಜದ ಎಲುಬನ್ನು ಪಕ್ಕೆಲುಬಿಗೆ ಗೂಟ ಹೊಡೆದು ಕೂರಿಸಿರುತ್ತಾರೆ. ಇಲ್ಲಿ ಅದು ಸ್ನಾಯುವಿನ ಪದರದ ಜೊತೆಗೇ ಕಳಚಿ ಬರುತ್ತದೆ. ಮಾಡಿದವರಿಗೆ ವಿಷಯ ಗೊತ್ತಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆದರೂ ಇಡೀ ಮಾದರಿಯ ಜೀವಾಳವೆಂದರೆ ಉದರದ ಭಾಗ. ಎಡಗಡೆಯಿಂದ ತೆರೆದ ಕೂಡಲೇ ಕಾಣುವುದು ಹಸುವಿನ ನಾಲ್ಕು ಕೋಣೆಗಳ ಜಠರದಲ್ಲಿ ಅತಿ ದೊಡ್ಡದಾದ ರೂಮೆನ್ ಒಂದೇ. ವಪೆಯಿಂದ ಸೊಂಟದ ಗೂಡಿನವರೆಗೆ ಎಡಭಾಗವನ್ನೆಲ್ಲ ಅದೇ ತುಂಬಿಕೊಂಡಿರುತ್ತದೆ, ಅದರ ಮೇಲೆ ಗುಲ್ಮ ಒರಗಿಕೊಂಡಿರುತ್ತದೆ. ರೂಮೆನ್ನನ್ನು ಹೊರತೆಗೆಯಲು ಎರಡೂ ಕೈ ಬೇಕು. ತೆಗೆದ ಮೇಲೆ ಜಠರದ ಉಳಿದ ಮೂರು ಕೋಣೆಗಳಾದ, ಮುಂಭಾಗದಲ್ಲಿ ರೆಟಿಕ್ಯುಲಮ್, ಬಲಗಡೆಯಲ್ಲಿ ಒಮೇಸಮ್, ಬಲಕ್ಕೆ ಹೊಟ್ಟೆಯ ತಳದಲ್ಲಿ ಅಬೊಮೇಸಮ್ ಕಾಣುತ್ತವೆ. ರೆಟಿಕ್ಯುಲಮ್ ಅರ್ಧಕ್ಕೆ ತೆರೆದುಕೊಳ್ಳುತ್ತದೆ. ಒಳಗೋಡೆಯ ಜೇನುಹುಟ್ಟಿನಂತಹ ಕೋಶಗಳನ್ನು ಬೆರಳಿಗೆ ತಾಗುವಷ್ಟು ಉಬ್ಬಾಗಿ ಕೆತ್ತಿದ್ದಾರೆ. ಅದನ್ನು ಮತ್ತೆ ಅದರ ಜಾಗದಲ್ಲಿ ಕೂರಿಸುವಾಗ ಕೈಬೆರಳು ವಪೆಗೆ ತಾಗುತ್ತದೆ, ವಪೆಯ ಆಚೆಗೆ ನೇರವಾಗಿ ಹೃದಯದ ಹೊರಚೀಲವಿದೆ. ಮೇವಿನ ಜೊತೆ ನುಂಗಿದ ತಂತಿ ಅಥವಾ ಮೊಳೆ ರೆಟಿಕ್ಯುಲಮ್‌ನಲ್ಲಿ ತಂಗಿ, ಆ ಚೀಲ ಸಂಕುಚಿಸಿದಾಗ ಮುಂದಕ್ಕೆ ಚುಚ್ಚಿ, ವಪೆಯನ್ನು ದಾಟಿ ಹೃದಯದ ಚೀಲಕ್ಕೆ ಸೋಂಕು ತರುವ ರೋಗವನ್ನು ಪಶುವೈದ್ಯರೆಲ್ಲ ಬಲ್ಲರು. ರೆಟಿಕ್ಯುಲಮ್ ವಪೆಗೆ ಕಾಡಲ್ ಆಗಿದೆ, ಹೃದಯ ವಪೆಗೆ ಕ್ರೇನಿಯಲ್ ಆಗಿದೆ ಎಂಬ ಎರಡು ಒಣ ವಾಕ್ಯಗಳು ಒಂದು ಪ್ರಾಣಿಯ ಸಾವುಬದುಕಿನ ಮಾತಾಗುವುದು ಇಲ್ಲಿ ಅರಿವಾಗುತ್ತದೆ. ಪರಿಭಾಷೆಯನ್ನು ಏಕೆ ಕಲಿಯಬೇಕು ಎಂದು ಕೇಳುವವರಿಗೆ ನಾನು ಈ ಭಾಗವನ್ನೇ ತೋರಿಸುತ್ತೇನೆ.

ಮೂತ್ರಪಿಂಡಗಳ ಜೋಡಣೆಯನ್ನೂ ಗಮನಿಸಿ ನೋಡಬೇಕು. ತುಂಬಿದ ರೂಮೆನ್ ಎಡ ಮೂತ್ರಪಿಂಡವನ್ನು ನಡುರೇಖೆಯಾಚೆಗೆ ತಳ್ಳುವುದರಿಂದ ಹಸುವಿನಲ್ಲಿ ಎಡ ಮೂತ್ರಪಿಂಡವೂ ಬಲಭಾಗದಲ್ಲಿಯೇ ಇರುತ್ತದೆ. ಮಾದರಿಯಲ್ಲಿ ಅದನ್ನು ಬಲ ಮೂತ್ರಪಿಂಡದ ಹಿಂದೆ, ಸಡಿಲವಾಗಿ ತೂಗುವಂತೆ ಇಟ್ಟಿದ್ದಾರೆ, ಹೊರಮೈಯ ಹಾಲೆಗಳನ್ನೂ ಬಿಡಿಬಿಡಿಯಾಗಿ ತೋರಿಸಿದ್ದಾರೆ. ಎರಡೂ ಬಲಗಡೆ ಇರುವುದನ್ನು ಕಂಡು ಇದು ತಯಾರಿಕೆಯ ದೋಷವೆಂದು ಭಾವಿಸುವವರು ಖಂಡಿತ ಇರುತ್ತಾರೆ. ಇದು ದೋಷವಲ್ಲ, ಮಾದರಿಯ ಅತ್ಯಂತ ನಿಖರವಾದ ವಿವರಗಳಲ್ಲಿ ಒಂದು. ಕೈಪಿಡಿಯಲ್ಲಿ ಇದರ ಕಾರಣವನ್ನು ಒಂದು ಸಾಲಿನಲ್ಲಾದರೂ ಬರೆದಿದ್ದರೆ ಒಳ್ಳೆಯದಿತ್ತು.

ಶ್ವಾಸಕೋಶಗಳು, ಗರ್ಭಕೋಶ ಸಾಕಷ್ಟು ಸರಿಯಾಗಿವೆ, ಹೆಚ್ಚು ಹೇಳುವಂಥದ್ದೇನಿಲ್ಲ. ಬಾಯಿಯಲ್ಲಿ ಮೇಲ್ದವಡೆಯ ಮುಂಭಾಗಕ್ಕೆ ಬಾಚಿಹಲ್ಲುಗಳಿಲ್ಲದೆ ಗಟ್ಟಿ ದಿಂಡು ಮಾತ್ರ ಇರುವುದನ್ನು ಸರಿಯಾಗಿ ತೋರಿಸಿದ್ದಾರೆ. ಕೆಚ್ಚಲಿನ ಒಂದು ಭಾಗವನ್ನು ಕತ್ತರಿಸಿ ತೋರಿಸಿದ್ದು, ನಾಲ್ಕು ಕಾಲುಭಾಗಗಳ ಹಾಲಿನ ಗ್ರಂಥಿಗಳು ಒಂದಕ್ಕೊಂದು ಸಂಪರ್ಕವಿಲ್ಲದೆ ಬೇರೆಬೇರೆಯಾಗಿರುವುದು ಅಲ್ಲಿ ಸ್ಪಷ್ಟವಾಗುತ್ತದೆ. ಒಂದು ಮೊಲೆಗೆ ಕೆಚ್ಚಲುಬಾವು ಬಂದಾಗ ಉಳಿದ ಮೂರರ ಹಾಲು ಚೆನ್ನಾಗಿಯೇ ಇರಬಹುದಾದ ಕಾರಣ ಇದೇ. ದುಗ್ಧಗ್ರಂಥಿಗಳನ್ನು, ಅಂದರೆ ದೇಹದುದ್ದಕ್ಕೂ ಹರಡಿರುವ ಲಿಂಫ್ ಗಂಟುಗಳನ್ನು, ಪೂರ್ತಿ ಬಿಟ್ಟುಬಿಟ್ಟಿದ್ದಾರೆ. ಭುಜದ ಮುಂದಿನ ಗಂಟನ್ನೂ ಸ್ಟೈಫಲ್‌ನ ಮುಂದಿನ ಗಂಟನ್ನೂ ಕೈಯಿಂದ ಮುಟ್ಟಿ ಪರೀಕ್ಷಿಸುವುದು ದಿನನಿತ್ಯದ ಕೆಲಸವಾಗಿರುವಾಗ ಈ ಕೊರತೆಯನ್ನು ಸಣ್ಣದೆನ್ನಲಾಗದು.

ಈಗ ಕೈಪಿಡಿ. ಇದರ ಮೊದಲರ್ಧ ಜೀವಕೋಶದಿಂದ ಅಂಗಾಂಶ, ಅಂಗಾಂಶದಿಂದ ಅಂಗ, ಅಂಗದಿಂದ ಅಂಗವ್ಯೂಹ ಎಂಬ ಕ್ರಮವನ್ನು ಹಿಡಿದು ಹೊರಡುತ್ತದೆ. ಅನುಲೇಪಕ, ಸಂಯೋಜಕ, ಸ್ನಾಯು ಮತ್ತು ನರ ಎಂಬ ನಾಲ್ಕು ಮೂಲ ಅಂಗಾಂಶಗಳನ್ನು ಜಠರದ ಗೋಡೆಯೊಂದರಲ್ಲೇ ತೋರಿಸಿರುವುದು ಜಾಣತನದ ಕೆಲಸ: ಒಳಪದರದಲ್ಲಿ ಅನುಲೇಪಕ, ಅದರ ಕೆಳಗೆ ಸಂಯೋಜಕ, ಆಮೇಲೆ ಸ್ನಾಯು, ಅದರ ಪದರಗಳ ನಡುವೆ ನರಗಳ ಜಾಲ. ನಾಲ್ಕು ಬೇರೆಬೇರೆ ಉದಾಹರಣೆ ಕೊಡುವುದಕ್ಕಿಂತ ಇದು ಮೇಲು, ಏಕೆಂದರೆ ಅಂಗವೆಂದರೆ ಅಂಗಾಂಶಗಳು ಕೂಡಿ ಮಾಡುವ ಕೆಲಸ ಎಂಬುದು ಬೇರೆ ವ್ಯಾಖ್ಯೆಯಿಲ್ಲದೆ ಮನದಟ್ಟಾಗುತ್ತದೆ. ಇತರ ಪ್ರಾಣಿಗಳೊಂದಿಗೆ ಹೋಲಿಸುವ ಕೋಷ್ಟಕವೂ ಉಪಯುಕ್ತವಾಗಿದೆ. ಹಸುವಿಗೆ ಹದಿಮೂರು ಜೊತೆ ಪಕ್ಕೆಲುಬು, ನಾಯಿಗೂ ಅಷ್ಟೇ, ಕುದುರೆಗೆ ಸಾಮಾನ್ಯವಾಗಿ ಹದಿನೆಂಟು, ವಯಸ್ಕ ಹಸುವಿಗೆ 32 ಹಲ್ಲು, ನಾಯಿಗೆ 42, ಬೆಕ್ಕಿಗೆ 30, ಹಂದಿಗೆ 44, ಕುದುರೆಗೆ ಪಿತ್ತಕೋಶವಿಲ್ಲ, ಕೋಳಿಗೆ ಸಸ್ತನಿಗಳಂತಹ ವಪೆಯಿಲ್ಲ, ಶ್ವಾಸಕೋಶದ ಜೊತೆಗೆ ಗಾಳಿಚೀಲಗಳಿವೆ. ಕುತ್ತಿಗೆಯ ಕಶೇರುಗಳು ಮಾತ್ರ ಇಲಿಯಿಂದ ಜಿರಾಫೆಯವರೆಗೆ ಬಹುತೇಕ ಎಲ್ಲ ಸಸ್ತನಿಗಳಲ್ಲೂ ಏಳೇ. ಒಂದೇ ಪ್ರಾಣಿಯ ಮಾದರಿಯನ್ನು ಕೊಟ್ಟು ಅದನ್ನು ಎಲ್ಲ ಪ್ರಾಣಿಗಳ ಪಾಠವೆಂದು ಮಾರುವ ದೋಷವನ್ನು ಈ ಕೋಷ್ಟಕ ಸ್ವಲ್ಪ ಮಟ್ಟಿಗೆ ತುಂಬಿಕೊಡುತ್ತದೆ.

ಕೈಪಿಡಿಯ ಎರಡು ತಪ್ಪುಗಳನ್ನು ಮಾತ್ರ ಬಿಟ್ಟುಕೊಡುವಂತಿಲ್ಲ. ಮೊದಲನೆಯದು, ದಿಕ್ಕುಸೂಚಕ ಪದಗಳನ್ನು ಅಷ್ಟು ಚೆನ್ನಾಗಿ ಪರಿಚಯಿಸಿದ ಮೇಲೂ ಉತ್ತರಾರ್ಧದ ಚಿತ್ರಗಳಲ್ಲಿ ಆಂಟೀರಿಯರ್, ಪೋಸ್ಟೀರಿಯರ್ ಎಂಬ ಪದಗಳನ್ನು ಬಳಸಿರುವುದು. ಎರಡು ಕಾಲಿನ ಮೇಲೆ ನಿಂತ ಮನುಷ್ಯನಲ್ಲಿ ಆಂಟೀರಿಯರ್ ಎಂದರೆ ಎದೆ ಮತ್ತು ಹೊಟ್ಟೆಯ ಮೈ. ನಾಲ್ಕು ಕಾಲಿನ ಮೇಲೆ ನಿಂತ ಹಸುವಿಗೆ ಅದೇ ಪದವನ್ನು ಅನ್ವಯಿಸಿದರೆ ಓದುವವರು ಅದನ್ನು ತಲೆಯ ಕಡೆ ಎಂದು ತಿಳಿಯಬೇಕೋ ಹೊಟ್ಟೆಯ ಕಡೆ ಎಂದು ತಿಳಿಯಬೇಕೋ ಗೊತ್ತಾಗುವುದಿಲ್ಲ. ಮನುಷ್ಯನ ಅಂಗಗಳ ಹೆಸರುಗಳಿಗೆ 1895ರಲ್ಲಿ ಬಾಸೆಲ್‌ನಲ್ಲಿ ಒಂದು ಸರ್ವಸಮ್ಮತ ಪಟ್ಟಿ ಸಿದ್ಧವಾಯಿತು. ಸಾಕುಪ್ರಾಣಿಗಳಿಗೆ ತಕ್ಕ ಪಟ್ಟಿಯಾದ ನಾಮಿನಾ ಅನಾಟಮಿಕಾ ವೆಟೆರಿನೇರಿಯಾ ಮೊದಲ ಸಲ ಪ್ರಕಟವಾದದ್ದು 1968ರಲ್ಲಿ. ಕಣ್ಣಿನಂತಹ ಕೆಲವು ಕಡೆ ಬಿಟ್ಟರೆ ನಾಲ್ಕು ಕಾಲಿನ ಪ್ರಾಣಿಗಳಿಗೆ ಆ ಎರಡು ಪದಗಳನ್ನು ಬಳಸದಿರುವುದೇ ಈ ಪಟ್ಟಿಯ ಕ್ರಮ. ತಲೆಯ ಭಾಗದಲ್ಲಿ ಕ್ರೇನಿಯಲ್‌ಗೆ ಬದಲು, ಮೂತಿಯ ಕಡೆಗೆ ಎಂಬರ್ಥದಲ್ಲಿ, ರಾಸ್ಟ್ರಲ್ ಎನ್ನುವುದನ್ನು ಕೈಪಿಡಿ ಸರಿಯಾಗಿ ಹೇಳಿದೆ. ಅಷ್ಟು ಸೂಕ್ಷ್ಮವನ್ನು ಬಲ್ಲವರು ಇಲ್ಲಿ ಹೀಗೆ ಮೈಮರೆತದ್ದು ನೋವಿನ ಸಂಗತಿ.

ಎರಡನೆಯ ತಪ್ಪು ಇನ್ನೂ ದೊಡ್ಡದು. ಬಣ್ಣಸೂಚಿಯ ಪುಟದಲ್ಲಿ ಕೆಂಪು ಎಂದರೆ ಅಪಧಮನಿ, ನೀಲಿ ಎಂದರೆ ಅಭಿಧಮನಿ ಎಂದು ಅಚ್ಚಾಗಿದೆ. ಮಾದರಿಯ ಹೃದಯವನ್ನು ಕೈಗೆತ್ತಿಕೊಂಡರೆ ಬಲ ಹೃತ್ಕುಕ್ಷಿಯಿಂದ ಶ್ವಾಸಕೋಶಕ್ಕೆ ಹೊರಡುವ ದಪ್ಪ ನಾಳ ನೀಲಿಯಾಗಿದೆ, ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ಬರುವ ನಾಳಗಳು ಕೆಂಪಾಗಿವೆ. ಬಣ್ಣ ಹಚ್ಚಿದವರು ಸರಿ, ಸೂಚಿ ಬರೆದವರು ತಪ್ಪು. ಹೃದಯದಿಂದ ರಕ್ತವನ್ನು ಹೊರಕ್ಕೆ ಒಯ್ಯುವುದು ಅಪಧಮನಿ, ಹೃದಯಕ್ಕೆ ತರುವುದು ಅಭಿಧಮನಿ. ಒಳಗಿರುವ ರಕ್ತದಲ್ಲಿ ಆಮ್ಲಜನಕ ಹೆಚ್ಚೋ ಕಡಿಮೆಯೋ ಎಂಬುದು ಬೇರೆಯೇ ಪ್ರಶ್ನೆ, ಮತ್ತು ಬಣ್ಣಗಳು ಸೂಚಿಸುತ್ತಿರುವುದು ಆ ಎರಡನೆಯದನ್ನು. ಸೂಚಿಯನ್ನು ನಂಬಿದ ವಿದ್ಯಾರ್ಥಿ ಶ್ವಾಸಕೋಶದ ಅಪಧಮನಿಯನ್ನು ಅಭಿಧಮನಿ ಎಂದು ಕಲಿಯುತ್ತಾನೆ. ಅಲ್ಲಿಂದ ಮುಂದೆ ರಕ್ತಪರಿಚಲನೆಯ ಪಾಠವೇ ತಲೆಕೆಳಗಾಗುತ್ತದೆ.

ಕಾರ್ಡುಗಳ ವಿಷಯಕ್ಕೆ ಬಂದರೆ, ಇಲ್ಲಿ ಉದ್ದೇಶವೇ ಸರಿಯಾಗಿಲ್ಲ ಎನಿಸುತ್ತದೆ. ಅಂಗರಚನೆಯ ಪದಗಳು ಜಾಗವನ್ನು ಹೇಳುತ್ತವೆ, ಆದ್ದರಿಂದ ನಿಶ್ಚಲವಾದ ವಸ್ತುವಿನಿಂದ ಅವುಗಳನ್ನು ಕಲಿಸಬಹುದು. ಶರೀರಕ್ರಿಯೆಯ ಪದಗಳು ನಡೆಯುತ್ತಿರುವ ಬದಲಾವಣೆಯನ್ನು ಹೇಳುತ್ತವೆ. ಹೋಮಿಯೋಸ್ಟೇಸಿಸ್ ಎಂಬ ಕಾರ್ಡಿನಲ್ಲಿ ದೇಹದ ಒಳಸ್ಥಿತಿಯನ್ನು ಸ್ಥಿರವಾಗಿಡುವುದು ಎಂದಷ್ಟೇ ಬರೆದಿದೆ, ಅದರ ಕೆಳಗೆ ಹಸುವಿನ ದೇಹದ ಉಷ್ಣತೆ 38.6 ಡಿಗ್ರಿ ಸೆಲ್ಸಿಯಸ್ ಎಂಬ ಒಂದೇ ಸಂಖ್ಯೆಯಿದೆ. ಇದರಿಂದ ಸ್ಥಿರತೆ ಎಂದರೆ ಅಲುಗಾಡದಿರುವುದು ಎಂಬ ಅಭಿಪ್ರಾಯ ಮೂಡುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಶರೀರಕ್ರಿಯಾಶಾಸ್ತ್ರಜ್ಞ ಕ್ಲೋಡ್ ಬರ್ನಾರ್ಡ್ ದೇಹದ ಆಂತರಿಕ ಪರಿಸರದ ಬಗ್ಗೆ ಹೇಳಿದ್ದನ್ನು ಬೆಳೆಸಿ, ಅಮೆರಿಕದ ಶರೀರಕ್ರಿಯಾಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1926ರಲ್ಲಿ ಹೋಮಿಯೋಸ್ಟೇಸಿಸ್ ಎಂಬ ಪದವನ್ನು ಬಳಕೆಗೆ ತಂದಾಗ ಅವರ ಮನಸ್ಸಿನಲ್ಲಿದ್ದದ್ದು ಮಿತಿಯೊಳಗೆ ಸದಾ ಏರಿಳಿಯುತ್ತ, ಏರಿದಾಗ ಇಳಿಸುವ, ಇಳಿದಾಗ ಏರಿಸುವ ವ್ಯವಸ್ಥೆ. ಆರೋಗ್ಯವಂತ ಹಸುವಿನ ಉಷ್ಣತೆ ಸುಮಾರು 38ರಿಂದ 39.3 ಡಿಗ್ರಿಯೊಳಗೆ ಓಡಾಡುತ್ತಿರುತ್ತದೆ. ಬೆಳಗಿನ ಹೊತ್ತಿಗಿಂತ ಸಂಜೆ ತುಸು ಹೆಚ್ಚಿರುವುದು ಸಹಜ. ಒಂದೇ ಸಂಖ್ಯೆಯನ್ನು ಕಲಿತು ಕೊಟ್ಟಿಗೆಗೆ ಹೋದ ವಿದ್ಯಾರ್ಥಿಗೆ 39.1 ಕಂಡರೆ ಜ್ವರವೆಂದೇ ತೋರುತ್ತದೆ.

ಹೃದಯಬಡಿತದ ಕಾರ್ಡು ಇದಕ್ಕಿಂತ ಮೇಲು. ವಿಶ್ರಾಂತಿಯಲ್ಲಿರುವ ವಯಸ್ಕ ಕುದುರೆಗೆ ನಿಮಿಷಕ್ಕೆ 28ರಿಂದ 40, ಹಸುವಿಗೆ 48ರಿಂದ 84 ಎಂದು ಮಿತಿಗಳನ್ನು ಕೊಟ್ಟಿದ್ದಾರೆ, ಸಿಸ್ಟೊಲಿ ಎಂದರೆ ಹೃದಯ ಸಂಕುಚಿಸುವ ಹಂತ, ಡಯಾಸ್ಟೊಲಿ ಎಂದರೆ ಸಡಿಲಗೊಂಡು ತುಂಬಿಕೊಳ್ಳುವ ಹಂತ ಎಂದು ವಿವರಿಸಿದ್ದಾರೆ. ಮೆಲುಕಿನ ಕಾರ್ಡು ಮಾತ್ರ ನಿಜವಾಗಿಯೂ ಚೆನ್ನಾಗಿದೆ. ಮೇವು ರೂಮೆನ್‌ನಿಂದ ಬಾಯಿಗೆ ಮರಳುವುದು, ಮತ್ತೆ ಅಗಿಯುವುದು, ಜೊಲ್ಲಿನೊಂದಿಗೆ ಬೆರೆಯುವುದು, ಮರುನುಂಗುವುದು ಎಂಬ ನಾಲ್ಕು ಹಂತಗಳನ್ನು ಕ್ರಮವಾಗಿ ಹೇಳಿ, ವಯಸ್ಕ ಹಸು ದಿನಕ್ಕೆ ಸುಮಾರು 100ರಿಂದ 150 ಲೀಟರ್ ಜೊಲ್ಲು ಸುರಿಸುತ್ತದೆಂದೂ, ಅದರಲ್ಲಿರುವ ಬೈಕಾರ್ಬೊನೇಟ್ ರೂಮೆನ್‌ನ ಆಮ್ಲೀಯತೆಯನ್ನು ಹದದಲ್ಲಿಡುತ್ತದೆಂದೂ ತೋರಿಸಿದ್ದಾರೆ. ಹೋಮಿಯೋಸ್ಟೇಸಿಸ್‌ನ ನಿಜವಾದ ಉದಾಹರಣೆ ಇದೇ ಆಗಿತ್ತು: ನಾರು ಕಡಿಮೆಯಿರುವ, ಧಾನ್ಯ ಹೆಚ್ಚಿರುವ ಮೇವು ತಿಂದ ಹಸು ಕಡಿಮೆ ಮೆಲುಕು ಹಾಕುತ್ತದೆ, ಜೊಲ್ಲು ಕಡಿಮೆಯಾಗುತ್ತದೆ, ಇತ್ತ ರೂಮೆನ್‌ನಲ್ಲಿ ಆಮ್ಲ ಹೆಚ್ಚುತ್ತದೆ, ಹದ ತಪ್ಪುತ್ತದೆ. ಹೋಮಿಯೋಸ್ಟೇಸಿಸ್‌ನ ಮತ್ತು ಮೆಲುಕಿನ ಕಾರ್ಡುಗಳನ್ನು ಒಂದರ ಪಕ್ಕ ಒಂದಿಟ್ಟು ಪಾಠ ಮಾಡಿದರೆ ಮೊದಲನೆಯದರ ಕೊರತೆಯನ್ನು ಎರಡನೆಯದು ನೀಗಿಸುತ್ತದೆ. ಉಳಿದವು, ವಿಶೇಷವಾಗಿ ಹಾರ್ಮೋನುಗಳ ಕಾರ್ಡುಗಳು, ಬರೀ ಹೆಸರು ಮತ್ತು ಗ್ರಂಥಿಗಳ ಪಟ್ಟಿ. ಕರು ಮೊಲೆಗೆ ಬಾಯಿ ಹಾಕಿದಾಗ ಮಿದುಳಿಗೆ ಹೋಗುವ ನರಸಂದೇಶ, ಪಿಟ್ಯುಟರಿಯಿಂದ ಬರುವ ಆಕ್ಸಿಟೋಸಿನ್, ಅದರಿಂದ ತೊರೆಬಿಡುವ ಕೆಚ್ಚಲು ಎಂಬ ಸರಪಳಿಯನ್ನು ಹೇಳಲು ಮಾದರಿಯಲ್ಲಿ ಕತ್ತರಿಸಿಟ್ಟ ಕೆಚ್ಚಲು ಸಿದ್ಧವಾಗಿಯೇ ಇತ್ತು. ಕಾರ್ಡು ಬರೆದವರು ಅದನ್ನು ನೋಡಿದಂತೆಯೇ ಕಾಣುವುದಿಲ್ಲ.

ಶರೀರಕ್ರಿಯೆಗೆ ನಾನು ಅನುಸರಿಸುವ ಕ್ರಮವೆಂದರೆ ಮಾದರಿಯಲ್ಲಿ ಜಾಗವನ್ನು ಗುರುತಿಸಿ, ಕ್ರಿಯೆಯನ್ನು ಜೀವಂತ ಪ್ರಾಣಿಯಲ್ಲಿ ಗಮನಿಸುವುದು. ಹಸುವಿನ ಎಡಗಡೆ ಕೊನೆಯ ಪಕ್ಕೆಲುಬಿನ ಹಿಂದೆ, ಸೊಂಟದ ಮೂಳೆಯ ಮುಂದೆ ಇರುವ ತಗ್ಗಿನಲ್ಲಿ ಮುಷ್ಟಿಯನ್ನು ಒತ್ತಿ ಹಿಡಿದು ನಿಂತರೆ ನಿಮಿಷಕ್ಕೆ ಒಂದೆರಡು ಸಲ ರೂಮೆನ್ ಸಂಕುಚಿಸಿ ಕೈಯನ್ನು ಹೊರಕ್ಕೆ ತಳ್ಳುವುದು ಅನುಭವಕ್ಕೆ ಬರುತ್ತದೆ. ಮಾದರಿಯಲ್ಲಿ ಆ ತಗ್ಗನ್ನು ಮೊದಲೇ ನೋಡಿದವರು ಕೈಯನ್ನು ನೇರವಾಗಿ ಅಲ್ಲಿಗೇ ಒಯ್ಯುತ್ತಾರೆ.

ಬಾಳಿಕೆಯ ಬಗ್ಗೆ ಎರಡು ಮಾತು. ಭಾಗಗಳನ್ನು ಹಿಡಿದಿಡುವ ಕಾಂತಗಳು ಬಲವಾಗಿವೆ. ಪಕ್ಕೆಲುಬಿನ ಹಲಗೆಯ ಕೊಕ್ಕೆಗಳು ತೆಳುವಾಗಿದ್ದು ಅವಸರದಲ್ಲಿ ಎಳೆದರೆ ಮುರಿಯುತ್ತವೆ. ಅಂಕೆಗಳನ್ನು ಮೇಲಿನಿಂದ ಅಚ್ಚು ಹಾಕಿರುವುದರಿಂದ ಹೆಚ್ಚು ಮುಟ್ಟುವ ಭಾಗಗಳಲ್ಲಿ ಅಳಿಸತೊಡಗಿವೆ. ಸ್ಪಿರಿಟ್ ಹಾಕಿ ಒರೆಸಬಾರದು, ಒದ್ದೆ ಬಟ್ಟೆ ಸಾಕು.

ಶಾಲೆ, ಕಾಲೇಜು, ತರಬೇತಿ ಕೇಂದ್ರಗಳಿಗೆ ಇದನ್ನು ನಾನು ಸಂತೋಷದಿಂದ ಶಿಫಾರಸು ಮಾಡುತ್ತೇನೆ. ಒಬ್ಬರೇ ಕುಳಿತು ಓದುವವರಿಗೆ, ವಿಶೇಷವಾಗಿ ತಪ್ಪನ್ನು ತಿದ್ದಿ ಹೇಳಲು ಹತ್ತಿರ ಯಾರೂ ಇಲ್ಲದವರಿಗೆ, ಕೈಪಿಡಿ ಪರಿಷ್ಕಾರಗೊಳ್ಳುವವರೆಗೆ ಕಾಯಿರಿ ಎನ್ನುತ್ತೇನೆ. ಈಗಾಗಲೇ ಕೊಂಡವರು ಬಣ್ಣಸೂಚಿಯ ಪುಟದಲ್ಲಿ ಕೆಂಪಿನ ಎದುರು ಆಮ್ಲಜನಕ ಹೆಚ್ಚಿರುವ ರಕ್ತ, ನೀಲಿಯ ಎದುರು ಆಮ್ಲಜನಕ ಕಡಿಮೆಯಿರುವ ರಕ್ತ ಎಂದು ಬರೆದುಕೊಳ್ಳಲಿ, ಉತ್ತರಾರ್ಧದ ಚಿತ್ರಗಳಲ್ಲಿ ಆಂಟೀರಿಯರ್ ಎಂದಿರುವ ಕಡೆ ಮಾದರಿಯನ್ನು ಪಕ್ಕದಲ್ಲಿಟ್ಟುಕೊಂಡು ಅದು ಕ್ರೇನಿಯಲ್ಲೋ ವೆಂಟ್ರಲ್ಲೋ ಎಂದು ತಾವೇ ನಿರ್ಧರಿಸಿ ತಿದ್ದಿಕೊಳ್ಳಲಿ.